ನನ್ನ ಪಾಲಿನ ಬೈಗುಳ

ಅಮ್ಮನ ಮನೆಗೆ ಅವಳನ್ನು ಕಳಿಸಿದವಳು ನಾನೇ. ಬೇರೆ ಯಾರನ್ನೂ ದೂರುವ ಹಾಗಿಲ್ಲ. ಅದಕ್ಕೇ ಇನ್ನೂ ಹೆಚ್ಚು ಉರಿಯುತ್ತದೆ.

ಮಸ್ಕತ್‌ಗೆ ಬಂದ ಹೊಸದರಲ್ಲಿ ನನಗೆ ಹೊತ್ತೇ ಹೋಗುತ್ತಿರಲಿಲ್ಲ. ಗಂಡ ಎ.ಸಿ. ರಿಪೇರಿ ಕೆಲಸಕ್ಕೆ ಬೆಳಗ್ಗೆಯೇ ಹೊರಟುಬಿಡುತ್ತಿದ್ದರು. ನಾನು ಅಕ್ಕಪಕ್ಕದ ನಮ್ಮ ದೇಶದ ಹೆಂಗಸರಿಗೆ ಬ್ಲೌಸ್ ಹೊಲಿದುಕೊಂಡು ಕೂತಿರುತ್ತಿದ್ದೆ. ಆಗ ಯಾರೋ ನನ್ನನ್ನು ಹೈಸ್ಕೂಲಿನ ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ ಒಂದು ಮೆಸೇಜು: "ಲೇ, ನೀನೇನಾ? ಬದುಕಿದೀಯಾ?" ಗೋವಿಂದರಾಜನಗರದ ನಮ್ಮ ವಠಾರದಲ್ಲಿ ಎದುರು ಮನೆಯಲ್ಲೇ ಬೆಳೆದ ಗೆಳತಿ. ಮದುವೆಯಾಗಿ ತುಮಕೂರಿಗೆ ಹೋದವಳು ನಂಬರ್ ಬದಲಾಗಿ ಕೈತಪ್ಪಿಹೋಗಿದ್ದಳು. ಈಗ ಗಂಡನ ಜೊತೆ ಆರ್‌ಪಿಸಿ ಲೇಔಟಿಗೆ ಬಂದಿದ್ದಾಳಂತೆ. ಅವತ್ತು ಇಬ್ಬರೂ ಎಷ್ಟು ಮಾತಾಡಿದೆವೆಂದರೆ ಸ್ಟೌ ಮೇಲಿಟ್ಟ ಅನ್ನ ಸೀದುಹೋಗಿದ್ದು ಪಕ್ಕದ ಮನೆಯವರು ಬಾಗಿಲು ತಟ್ಟಿದಾಗಲೇ ನನಗೆ ಗೊತ್ತಾಗಿದ್ದು.

ಆ ಖುಷಿಯಲ್ಲೇ ಎಡವಟ್ಟು ಮಾಡಿಕೊಂಡೆ. "ಅಮ್ಮನ ಹೊಸ ಫೋನಲ್ಲಿ ವಿಡಿಯೋ ಕಾಲ್ ಬರ್ತಾನೇ ಇಲ್ಲ ಕಣೇ. ಅಣ್ಣನಿಗೆ ಪುರುಸೊತ್ತಿಲ್ಲ. ನಿಂಗೆ ಹತ್ರ ಅಲ್ವಾ, ಒಂದ್ಸಲ ಹೋಗಿ ನೋಡ್ತೀಯಾ?" ಅಂದೆ. ಮಾರನೆಯ ದಿನ ನನ್ನ ಫೋನಿನಲ್ಲಿ ಅಮ್ಮನ ಮುಖ ಬಂತು. ಪಕ್ಕದಲ್ಲೇ ಅವಳ ಮುಖ. ಅಲ್ಲಿಂದಾಚೆ ನಾನು ಯಾವಾಗ ಫೋನ್ ಮಾಡಿದರೂ ಅಮ್ಮನ ಪಕ್ಕದ ಜಾಗ ಖಾಲಿ ಇದ್ದದ್ದು ಕಡಿಮೆ.

ಆ ಜಾಗ ಎಂಥದ್ದು ಅಂತ ಹೇಳಬೇಕು. ಅಮ್ಮ ವಿಜಯನಗರದ ಒಂದು ಹೂವಿನಂಗಡಿಗೆ ಮೊದಲಿನಿಂದಲೂ ಮನೆಯಲ್ಲೇ ಕೂತು ಹೂ ಕಟ್ಟಿಕೊಡುತ್ತಾಳೆ. ಚಿಕ್ಕವರಿದ್ದಾಗ ಸ್ಕೂಲಿಂದ ಬಂದವರೇ ನಾವಿಬ್ಬರೂ ಅವಳ ಆ ಕಡೆ ಈ ಕಡೆ ಕೂತು ಕಟ್ಟುತ್ತಿದ್ದೆವು. ಗೆಳತಿಯ ಕೈ ಅಂದರೆ ಕೈ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಮಧ್ಯದಲ್ಲಿ ದಾರ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನನ್ನದು ಅಲ್ಲೊಂದು ಇಲ್ಲೊಂದು. ಅಮ್ಮ ನಾನು ಕಟ್ಟಿದ್ದನ್ನು ಎತ್ತಿ ಹಿಡಿದು, "ಹಲ್ಲು ಬಿದ್ದ ಬಾಯಿ ಇದ್ದಂಗಿದೆ. ಯಾರು ಮುಡ್ಕೋತಾರೇ ಇದನ್ನ, ಮಂಕೇ? ಬಿಚ್ಚು!" ಅನ್ನುತ್ತಿದ್ದಳು. ಅವಳಿಗೆ ಮಾತ್ರ, "ನಿನ್ ಕೈ ಚಿನ್ನ ಕಣಮ್ಮ." ನನಗೆ ಆಗಲೇ ಹೊಟ್ಟೆ ಉರಿಯುತ್ತಿತ್ತು. ಅಷ್ಟು ಚೆನ್ನಾಗಿ ಕಟ್ಟುವುದಾದರೆ ಅವಳ ಅಮ್ಮನ ಹತ್ತಿರ ಹೋಗಿ ಕಟ್ಟಲಿ ಅಂತ.

ಈಗ ಆ ಅಮ್ಮ ಇಲ್ಲ. ಗೆಳತಿ ತುಮಕೂರಿನಲ್ಲಿದ್ದಾಗಲೇ ತೀರಿಕೊಂಡರಂತೆ. ಹಾಗಾಗಿ ನನ್ನ ಅಮ್ಮನ ಬಾಯಲ್ಲಿ ದಿನವೂ ಅವಳದೇ ಪುರಾಣ. "ನಿನ್ ಫ್ರೆಂಡು ಉಪ್ಸಾರು ಮಾಡ್ಕೊಂಡು ತಂದಿದ್ಲು." "ನಿನ್ ಫ್ರೆಂಡು ಮಂಡಿಗೆ ಎಣ್ಣೆ ಹಚ್ಚಿದ್ಲು." ಒಮ್ಮೆ ನಾನು ಇಲ್ಲಿಯ ಖರ್ಜೂರದ ಬಗ್ಗೆ ಏನೋ ಹೇಳುತ್ತಿದ್ದರೆ ಅಮ್ಮ ಅತ್ತ ತಿರುಗಿ ಅವಳ ಹತ್ತಿರ ಬೆಳ್ಳುಳ್ಳಿ ರೇಟಿನ ಬಗ್ಗೆ ಮಾತಾಡತೊಡಗಿದಳು. ನಾನು ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಹಾಗೆ ನೋಡುತ್ತಾ ಇದ್ದೆ.

ಗೌರಿ ಹಬ್ಬಕ್ಕೆ ತವರಿನವರು ಮಗಳಿಗೆ ಮೊರದ ಬಾಗಿನ ಕೊಡಬೇಕು. ನಾನು ದೂರ ಬಂದ ಮೇಲೆ ಅಮ್ಮ ಅದನ್ನು ನನ್ನ ಹೆಸರು ಹೇಳಿ ಮೇಲಿನ ಮನೆಯ ಅಜ್ಜಿಗೆ ಕೊಡುತ್ತಿದ್ದಳು. ಆ ಅಜ್ಜಿಯ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ನನಗೆ ತಲೆ ಕೆಟ್ಟಿರಲಿಲ್ಲ. ಹೋದ ವರ್ಷ ಹಬ್ಬ ಹತ್ತಿರ ಬಂದಾಗ ಅಮ್ಮ, "ಈ ಸಲ ನಿನ್ ಬಾಗಿನ ಅವಳಿಗೇ ಕೊಡ್ತೀನಿ. ಪಾಪ, ಅವಳಿಗೆ ತವರು ಅಂತ ಎಲ್ಲಿದೆ?" ಅಂದಳು. "ಕೊಡಮ್ಮ, ಒಳ್ಳೇದೇ ಆಯ್ತು" ಅಂದೆ. ಫೋನ್ ಇಟ್ಟು, ಹೊಲಿಯುತ್ತಿದ್ದ ಬ್ಲೌಸಿನ ಎಡತೋಳನ್ನು ಬಲಕ್ಕೆ ಜೋಡಿಸಿದೆ.

ರಾತ್ರಿ ಗಂಡನಿಗೆ ಹಬ್ಬಕ್ಕೆ ಊರಿಗೆ ಹೋಗಬೇಕು ಅನ್ನಿಸುತ್ತಿದೆ ಅಂದೆ. ಹೆಂಡತಿಗೆ ತವರಿನ ಮೇಲೆ ಎಷ್ಟು ಪ್ರೀತಿ ಅಂದುಕೊಂಡರು, ಪಾಪ. ಹೊಟ್ಟೆಕಿಚ್ಚಿಗೆ ವಿಮಾನದ ಟಿಕೆಟ್ ತೆಗೆಸಿಕೊಂಡವಳು ನಾನೊಬ್ಬಳೇ ಇರಬೇಕು.

ಯಾರಿಗೂ ಹೇಳದೆ ಹಬ್ಬದ ಬೆಳಗ್ಗೆ ಹೋಗಿ ನಿಂತೆ. ಅಮ್ಮ ಬಾಗಿಲಿಗೆ ಬಂದಳು. ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಶುರುವಾಯಿತು. "ಹೇಳ್ದೆ ಕೇಳ್ದೆ ಬಂದ್ಬಿಡೋದಾ? ಇದೇನೇ ಅವತಾರ, ಹಬ್ಬದ ದಿನ ಬೋಳು ಹಣೇಲಿ? ಏ, ರಂಗೋಲಿ! ಕಣ್ ಕಾಣಲ್ವಾ?" ಬೈಯುತ್ತಲೇ ಎರಡು ಕೈಯಲ್ಲೂ ನನ್ನ ಮುಖ ಸವರಿದಳು.

ಗೌರಿಯ ಮುಂದೆ ಒಂದೇ ಬಾಗಿನ ಇತ್ತು. ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ. ನಾನೇ ಬಂದಾಯಿತಲ್ಲ, ಇನ್ನು ನನ್ನದೇ ಅಂದುಕೊಂಡೆ. ಅಷ್ಟರಲ್ಲಿ ಗೆಳತಿ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಬಂದಳು. ನನ್ನನ್ನು ಕಂಡು ಕಿರುಚಿ ತಬ್ಬಿಕೊಂಡಳು. ನಾನೂ ತಬ್ಬಿಕೊಂಡೆ, ಕಣ್ಣು ಮಾತ್ರ ಮೊರದ ಮೇಲಿತ್ತು. ಅಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ, ಮೊರಕ್ಕೆ ಸೆರಗು ಮುಚ್ಚಿ, ಬಾಗಿನವನ್ನು ಅವಳ ಕೈಗೇ ಕೊಟ್ಟಳು. ನನ್ನ ಕಡೆ ತಿರುಗಿ, "ಅವಳಿಗೆ ಮಾತು ಕೊಟ್ಟಾಗಿದೆ. ನಿಂಗೆ ನಾಳೆ ಬೇರೆ ಮೊರ ತರಿಸಿದ್ರಾಯ್ತು, ನೀನೇನು ಹೊರಗಿನೋಳಾ? ಕಂಬದ ಥರ ನಿಂತಿದೀಯಲ್ಲ, ಹೋಗಿ ಹಾಲು ನೋಡು, ಉಕ್ಕತ್ತೆ!" ಅಂದಳು.

ಅಡುಗೆಮನೆಗೆ ಹೋಗಿ ಹಾಲಿನ ಮುಂದೆ ನಿಂತೆ. ಗೆಳತಿ ಹಿಂದೆಯೇ ಬಂದಳು.

"ನಿಂಗೆ ಕೋಪ ಬಂದಿದೆ."

"ನಂಗ್ಯಾಕೆ ಬರತ್ತೆ?"

"ನಂಗೂ ಬರತ್ತೆ ಕಣೇ, ನಿನ್ ಮೇಲೆ. ನಾನು ದಿನಾ ಬರ್ತೀನಿ. ಬಾಮ್ಮ, ಕೂತ್ಕೊಳಮ್ಮ, ಕಾಫಿ ಕುಡಿಯಮ್ಮ, ಅಷ್ಟೇ. ನಿಮ್ಮಮ್ಮ ಒಂದ್ಸಲನೂ ನನ್ನ ಬೈದಿಲ್ಲ. ನೀನು ಈಗಿನ್ನೂ ಬಂದಿದೀಯ, ಆಗ್ಲೇ ಎಷ್ಟು ಬೈಸ್ಕೊಂಡೆ ನೋಡು." ಅವಳ ಕಣ್ಣು ತುಂಬಿತ್ತು. "ಅಮ್ಮ ಹೋದ್ಮೇಲೆ ನನ್ನ ಯಾರೂ ಹಂಗೆ ಬೈದಿಲ್ಲ ಕಣೇ."

ನನಗೆ ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆಮೇಲೆ. ಮೊದಲು ಅನ್ನಿಸಿದ್ದು ಗೆದ್ದೆ ಅಂತ. ಇಟ್ಟುಕೋ ನಿನ್ನ ಬಾಗಿನ ಅಂದುಕೊಂಡೆ ಮನಸ್ಸಿನಲ್ಲೇ. ಊರಿನಲ್ಲಿದ್ದಷ್ಟು ದಿನವೂ ಒದ್ದೆ ಟವೆಲನ್ನು ಬೇಕಂತಲೇ ಮಂಚದ ಮೇಲೆ ಎಸೆದೆ, ಕಾಫಿ ಲೋಟ ತೊಳೆಯದೆ ಬಿಟ್ಟೆ. ಗೆಳತಿ ಬಂದಿರುವ ಹೊತ್ತು ನೋಡಿಯೇ ಇದನ್ನೆಲ್ಲ ಮಾಡುತ್ತಿದ್ದೆ. ಅಮ್ಮ ಮನಸಾರೆ ಬೈಯುತ್ತಿದ್ದಳು. ನಾನು ಹಬ್ಬದೂಟ ಉಂಡವಳ ಹಾಗೆ ಕೂತಿರುತ್ತಿದ್ದೆ. ಗೆಳತಿ ತಲೆ ಬಗ್ಗಿಸಿಕೊಂಡು ಹೂ ಕಟ್ಟುತ್ತಿದ್ದಳು. ಅದೇ ನೆಮ್ಮದಿಯಲ್ಲಿ ಮಸ್ಕತ್‌ಗೆ ವಾಪಸ್ ಬಂದೆ.

ಬಂದು ಸ್ವಲ್ಪ ದಿನವಾಗಿತ್ತು. ಒಂದು ಮಧ್ಯಾಹ್ನ ಫೋನ್ ಮಾಡಿದೆ. ಅಮ್ಮ ಫೋನನ್ನು ಹೂವಿನ ಬುಟ್ಟಿಗೆ ಒರಗಿಸಿಟ್ಟು ಕಾಕಡ ಕಟ್ಟುತ್ತಿದ್ದಳು. ಪಕ್ಕದಲ್ಲಿ ಅವಳು. ನನ್ನ ಬ್ಲೌಸಿನ ಗಿರಾಕಿಗಳ ಬಗ್ಗೆ ಹೇಳುತ್ತಾ ಇದ್ದೆ. ಅಮ್ಮ ನಡುವೆಯೇ ಕೈ ಚಾಚಿ ಗೆಳತಿಯ ಮಡಿಲಿನಿಂದ ಕಟ್ಟಿದ ಹೂವನ್ನು ಎತ್ತಿ ಹಿಡಿದಳು.

"ಇದೇನೇ ಇದು? ಹಲ್ಲು ಬಿದ್ದ ಬಾಯಿ ಇದ್ದಂಗಿದೆ! ಯಾರು ಮುಡ್ಕೋತಾರೇ ಇದನ್ನ, ಮಂಕೇ? ಬಿಚ್ಚು!"

ಮೊಗ್ಗಿನ ನಡುವೆ ದಾರ ಉದ್ದಕ್ಕೂ ಕಾಣುತ್ತಿತ್ತು. ಕಣ್ಣು ಮುಚ್ಚಿಕೊಂಡು ಕಟ್ಟಿದರೂ ಅವಳ ಕೈಯಲ್ಲಿ ಅಂಥ ಹೂವು ಬರುವುದಿಲ್ಲ. ಗೆಳತಿ ಒಂದೊಂದೇ ಗಂಟು ಬಿಚ್ಚುತ್ತಾ ತಲೆ ಎತ್ತಿ ಫೋನಿನ ಕಡೆ, ನೇರ ನನ್ನ ಕಡೆಗೇ ನೋಡಿದಳು. ಮುಖ ಅರಳಿಹೋಗಿತ್ತು.

"ಏನಮ್ಮ, ಸುಮ್ನಾಗ್ಬಿಟ್ಟೆ?" ಅಂದಳು ಅಮ್ಮ ನನಗೆ. "ನೆಟ್‌ವರ್ಕ್ ಇಲ್ವಾ?"

ಇಲ್ಲ ಅಂದು ಫೋನ್ ಇಟ್ಟುಬಿಟ್ಟೆ.