ಮಗಳ ಫೈಲಿಗೆ ಹದಿನಾಲ್ಕು ಪ್ರಶ್ನೆ

ದೆಹಲಿಯ ಜನಕಪುರಿಯಲ್ಲಿ ನಮ್ಮ ಡಿಡಿಎ ಫ್ಲ್ಯಾಟಿನ ಮೇಲಿನ ಮನೆಯಲ್ಲಿ ಕೇಶವಮೂರ್ತಿಗಳು ಇಪ್ಪತ್ತೆರಡು ವರ್ಷ ಇದ್ದರು. ಅಷ್ಟೂ ವರ್ಷದಲ್ಲಿ ಅವರ ಬಾಯಿಂದ ಒಂದು ‘ಹೂಂ’ ಆಗಲಿ ಒಂದು ‘ಊಹೂಂ’ ಆಗಲಿ ನಾನು ಕೇಳಲಿಲ್ಲ. ಅವರು ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ಯಾವ ಮಂತ್ರಾಲಯ ಎಂದು ಹೇಳುವುದಿಲ್ಲ. ಪಾಪ, ಪಿಂಚಣಿ ಇನ್ನೂ ಶುರುವಾಗಬೇಕು. ಅಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ಯಾವ ಫೈಲು ಬಂದರೂ ಒಪ್ಪುತ್ತಿರಲಿಲ್ಲ, ತಿರಸ್ಕರಿಸುತ್ತಲೂ ಇರಲಿಲ್ಲ. ಒಂದು ಪ್ರಶ್ನೆ ಬರೆದು ಬಂದ ದಾರಿಯಲ್ಲೇ ವಾಪಸು ಕಳಿಸುತ್ತಿದ್ದರು. ಉತ್ತರ ಬಂದರೆ ಇನ್ನೊಂದು ಪ್ರಶ್ನೆ. ಹೀಗೆ ಕೇಳಿ ಕೇಳಿ ಎದುರಿನವರನ್ನು ಸುಸ್ತು ಮಾಡುವುದರಲ್ಲಿ ಅವರನ್ನು ಮೀರಿಸುವವರು ಇಡೀ ಕಟ್ಟಡದಲ್ಲೇ ಇರಲಿಲ್ಲವಂತೆ.

ಈ ಕಾಯಿಲೆ ಮನೆಗೂ ಬಂದಿತ್ತು. ಅವರ ಬಚ್ಚಲಿನ ನೀರು ನಮ್ಮ ಅಡುಗೆಮನೆಗೆ ಸೋರುತ್ತದೆ ಎಂದು ನಾನೊಮ್ಮೆ ಮೆಟ್ಟಿಲು ಹತ್ತಿ ಹೋಗಿ ಜಗಳ ತೆಗೆದೆ. ಅವರು ನನ್ನನ್ನು ಕೂರಿಸಿ, ಕಾಫಿ ಕೊಡಿಸಿ, ಒಂದು ರಟ್ಟಿನ ಫೈಲು ತೆಗೆದು ಅದರ ಮೇಲೆ ‘ಶ್ರೀಮತಿ ವಿಮಲಾ, ಕೆಳಮನೆ, ಸೋರಿಕೆ ಕುರಿತು’ ಎಂದು ಬರೆದರು. ಮರುದಿನ ನನಗೊಂದು ಚೀಟಿ ಬಂತು. ಸೋರುವ ನೀರು ಬಿಸಿಯೋ ತಣ್ಣಗೋ, ದಯವಿಟ್ಟು ತಿಳಿಸಿ ಎಂದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಪ್ಲಂಬರ್ ಭಯ್ಯಾನನ್ನು ನಾನೇ ಕರೆಸಿದೆ.

ಇಂಥ ಮನುಷ್ಯನಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಧನ್ಯಾ. ಅವಳು ಒಂದು ಸಲ ಕೆಮ್ಮಿದರೆ ಇವರಿಗೆ ಎರಡು ದಿನ ಜ್ವರ. ಸೈಕಲ್ ಬೇಕೆಂದು ಅವಳು ಕೇಳಿದ್ದು ಆರನೇ ಕ್ಲಾಸಿನಲ್ಲಿ, ಮಂಜೂರಾದದ್ದು ಹನ್ನೆರಡರಲ್ಲಿ. ಅದೂ ಬಸ್ಸು ಲಾರಿ ಓಡುವ ಪಂಖಾ ರೋಡಿಗೆ ಇಳಿಯಕೂಡದು ಎಂಬ ಷರತ್ತಿನ ಮೇಲೆ. ಅಷ್ಟು ಹೊತ್ತಿಗೆ, ಆರನೇ ಕ್ಲಾಸಿನಲ್ಲಿ ಕೇಳಿದ ಅಳತೆಯ ಆ ಸೈಕಲ್ಲಿಗೆ ಅವಳ ಕಾಲು ತೀರಾ ಉದ್ದವಾಗಿತ್ತು.

೨೦೦೬ರಲ್ಲಿ ಈ ಹುಡುಗಿ ಯಾರಿಗೂ ಹೇಳದೆ ಸೈನ್ಯಕ್ಕೆ ಅರ್ಜಿ ಹಾಕಿದಳು. ಭೋಪಾಲಿನಲ್ಲಿ ಐದು ದಿನದ ಆಯ್ಕೆ ಪರೀಕ್ಷೆ. ಗೆಳತಿಯ ಅಕ್ಕನ ಮದುವೆ ಎಂದು ಸುಳ್ಳು ಹೇಳಿ ಹೋಗಿ, ಪಾಸಾಗಿ ಬಂದಳು. ಆ ಮದುವೆಗೂ ಅಪ್ಪ ಫೈಲು ತೆರೆದು ಆರು ಪ್ರಶ್ನೆ ಕೇಳಿದ್ದರು, ಅದು ಬೇರೆ ಮಾತು. ಕೊನೆಗೆ, ಅಧಿಕಾರಿಯಾಗುವ ತರಬೇತಿಗೆ ಚೆನ್ನೈನ ಅಕಾಡೆಮಿಗೆ ಬಂದು ಸೇರಿಕೊಳ್ಳಿ ಎಂಬ ಪತ್ರ ಮನೆಗೇ ಬಂತು. ಅದರ ಜೊತೆ ಒಂದು ಹಾಳೆಯ ಫಾರಂ ಇತ್ತು. ತರಬೇತಿಯಲ್ಲಿ ಮಗಳಿಗೆ ಗಾಯವೋ ಮರಣವೋ ಸಂಭವಿಸಿದರೆ ನಮ್ಮ ತಕರಾರಿಲ್ಲ ಎಂದು ತಂದೆ ಅಥವಾ ತಾಯಿ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಗೇಟಿನಿಂದಲೇ ವಾಪಸು. ರೈಲಿಗೆ ಮೂರು ವಾರವಿತ್ತು.

ಕೇಶವಮೂರ್ತಿಗಳು ಆ ಹಾಳೆ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಕೂಗಾಡಲಿಲ್ಲ, ಬೇಡ ಎನ್ನಲಿಲ್ಲ. ಒಳಗೆ ಹೋಗಿ ಹೊಸ ಫೈಲು ತೆರೆದು, ಫಾರಮ್ಮನ್ನು ಅದರೊಳಗೆ ದಾರ ಹಾಕಿ ಕಟ್ಟಿಬಿಟ್ಟರು.

ಆ ಫೈಲನ್ನು ಆಮೇಲೆ ನಾನೇ ಕಣ್ಣಾರೆ ಓದಿದ್ದೇನೆ. ಎಲ್ಲ ಕಚೇರಿಯ ಇಂಗ್ಲಿಷು. ಅರ್ಜಿದಾರಳು ಬೆಳಿಗ್ಗೆ ಎಂಟಕ್ಕೆ ಮುಂಚೆ ಎದ್ದ ದಾಖಲೆ ಇದೆಯೇ, ಇದ್ದರೆ ಲಗತ್ತಿಸುವುದು. ಅರ್ಜಿದಾರಳು ಹಲ್ಲಿ ಕಂಡರೆ ಕಿರುಚುತ್ತಾಳೆ. ಶತ್ರುವನ್ನು ಎದುರಿಸುವ ಬಗೆ ಹೇಗೆ, ವಿವರಿಸುವುದು. ಕ್ಯಾಂಪಿನಲ್ಲಿ ತಿಳಿಸಾರು ಸಿಗುತ್ತದೆಯೇ. ಹೀಗೇ ದಿನಕ್ಕೊಂದು. ಒಂಬತ್ತನೆಯ ಪ್ರಶ್ನೆ ಓದುವಾಗ ಮಾತ್ರ ನನ್ನ ನಗು ನಿಂತಿತು. ಆಯ್ಕೆಯಾದ ಬೇರೆ ಅಭ್ಯರ್ಥಿಗಳಿಗೆ ಒಡಹುಟ್ಟಿದವರು ಎಷ್ಟು ಮಂದಿ, ಪಟ್ಟಿ ಒದಗಿಸುವುದು ಎಂದು ಅದರಲ್ಲಿ ಬರೆದಿದ್ದರು.

ಧನ್ಯಾ ಅಪ್ಪನ ಮಗಳೇ. ಒಂದೊಂದಕ್ಕೂ ಉತ್ತರ ಬರೆದು ಲಗತ್ತು ಸೇರಿಸಿದಳು. ಬೆಳಗಿನ ಐದು ಗಂಟೆಗೆ ಹಾಲಿನ ಬೂತಿನ ಮುಂದೆ ಅಂದಿನ ಪೇಪರ್ ಹಿಡಿದು ನಿಂತ ಫೋಟೋ ತೆಗೆಸಿ, ಹಿಂದುಗಡೆ ಬೂತಿನ ಭಯ್ಯಾನ ಸಹಿ ಹಾಕಿಸಿ ತಂದಳು. ಹಲ್ಲಿಯ ಪ್ರಶ್ನೆಗೆ ‘ಲಗತ್ತು: ಬಾಟಲಿಯಲ್ಲಿ ಹಲ್ಲಿ, ಒಂದು’ ಎಂದು ಬರೆದು, ಒಂದು ಜೀವಂತ ಹಲ್ಲಿಯನ್ನೇ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಕೊಂಡು ಬಂದು ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಕಿರುಚಿದವರು ಕೇಶವಮೂರ್ತಿಗಳು. ಅರ್ಧ ಊಟಕ್ಕೆ ಎದ್ದು ನಮ್ಮ ಮನೆಗೆ ಇಳಿದು ಬಂದು, ಹಲ್ಲಿ ಹೊರಗೆ ಹೋಯಿತೆಂದು ಖಾತ್ರಿಯಾಗುವ ತನಕ ಅಲ್ಲೇ ಕೂತಿದ್ದರು.

ಅವರ ಹೆಂಡತಿ ದೇವಕಿ ಈ ಗಲಾಟೆಯಲ್ಲಿ ಉಸಿರೆತ್ತಲಿಲ್ಲ. ನನಗೋ ತಡೆಯಲಾಗಲಿಲ್ಲ. ಫಾರಮ್ಮಿನಲ್ಲಿ ತಂದೆ ಅಥವಾ ತಾಯಿ ಎಂದು ಸ್ಪಷ್ಟವಾಗಿದೆಯಲ್ಲ, ಆ ಮಾರಾಯರ ಪ್ರಶ್ನೆಗೆ ಕೊನೆಯಿಲ್ಲ, ನೀನೇ ಒಂದು ಸಹಿ ಗೀಚಿ ಕೊಡಬಾರದೇ ಎಂದು ಬೈದೆ. ದೇವಕಿ ಒಗ್ಗರಣೆಗೆ ಸಾಸಿವೆ ಹಾಕಿ, ಅದು ಸಿಡಿದ ಮೇಲೆ ಒಲೆ ಸಣ್ಣ ಮಾಡಿ ಕೇಳಿದಳು.

“ಇವರು ಒಪ್ಪದೆ ಹೋದರೆ ಅವಳು ಅಲ್ಲಿ ಹೇಗೆ ಓಡ್ತಾಳೆ ವಿಮಲಾ? ಹಿಂದೆ ತಿರುಗಿ ತಿರುಗಿ ನೋಡ್ಕೊಂಡು ಓಡೋಕಾಗತ್ತಾ?”

ನಾನು ಮೆಟ್ಟಿಲಿಳಿದು ನಮ್ಮ ಮನೆಗೆ ಬಂದೆ.

ಕೊನೆಯ ವಾರ ಬಂತು, ಹದಿನಾಲ್ಕನೆಯ ಪ್ರಶ್ನೆಯೂ ಬಂತು. ಧನ್ಯಾಗೆ ತಲೆ ಕೆಟ್ಟುಹೋಯಿತು. ಅಪ್ಪನ ಮೇಜಿನ ಖಾನೆಯಲ್ಲಿ ಕಚೇರಿಯ ಕೆಂಪು ಚೀಟಿಗಳಿದ್ದವು, ‘ತುರ್ತು’ ಎಂದು ಅಚ್ಚಾದವು. ಅದರಲ್ಲೊಂದನ್ನು ಫೈಲಿನ ನೆತ್ತಿಗೆ ಅಂಟಿಸಿದಳು, ಅಪ್ಪನಿಗೆ ಹಾಗಾದರೂ ಮುಟ್ಟಲಿ ಎಂದು. ಅಪ್ಪ ಮಂಗಳವಾರ ಬೆಳಿಗ್ಗೆ ಹದಿನೈದನೆಯ ಪ್ರಶ್ನೆ ಯೋಚಿಸಲು ಚೀಟಿ ಸಮೇತ ಫೈಲನ್ನು ಬ್ಯಾಗಿನಲ್ಲಿ ಹಾಕಿಕೊಂಡು ಚಾರ್ಟರ್ಡ್ ಬಸ್ ಹತ್ತಿದರು. ಕಚೇರಿಯಲ್ಲಿ ಅದನ್ನು ಮೇಜಿನ ಮೇಲಿಟ್ಟು ಮೊಸರನ್ನದ ಡಬ್ಬಿ ತೆಗೆದುಕೊಂಡು ಊಟಕ್ಕೆ ಹೋದರು. ಪ್ಯೂನ್ ಕಿಶನ್‌ಗೆ ನಿವೃತ್ತಿ ಹತ್ತಿರ. ಮೂವತ್ತು ವರ್ಷದಿಂದ ಅವನಿಗೆ ಗೊತ್ತಿದ್ದದ್ದು ಒಂದೇ. ಕೆಂಪು ಚೀಟಿ ಕಂಡರೆ ಮೇಲಕ್ಕೆ ಒಯ್ಯಬೇಕು. ಒಯ್ದ.

ಊಟ ಮುಗಿಸಿ ಬಂದು ನೋಡಿದರೆ ಫೈಲಿಲ್ಲ. ಕೇಶವಮೂರ್ತಿಗಳು ಮೇಜಿನ ಖಾನೆಗಳನ್ನೆಲ್ಲ ತಡಕಿದರು. ಯಾರನ್ನು ಕೇಳುವುದು, ಏನೆಂದು ಕೇಳುವುದು? ನನ್ನ ಮಗಳ ಹಲ್ಲಿಯ ಫೈಲು ನೋಡಿದಿರಾ ಎಂದೇ? ಮನೆಯಲ್ಲೂ ಹೇಳಲಿಲ್ಲ. ಫೈಲು ಕಾಣದ್ದು ನೋಡಿ ಧನ್ಯಾ, ಅಪ್ಪ ಬೇಕೆಂದೇ ಬಚ್ಚಿಟ್ಟಿದ್ದಾರೆ ಎಂದುಕೊಂಡು ಮಾತು ಬಿಟ್ಟಳು. ಆದರೂ ಟ್ರಂಕು ತುಂಬಿದಳು. ಸಹಿ ಇಲ್ಲದಿದ್ದರೂ ಗೇಟಿನ ತನಕ ಹೋಗಿ ಅದನ್ನು ಮುಟ್ಟಿ ಬರ್ತೀನಿ ಎಂದು ನನ್ನ ಹತ್ತಿರ ಹೇಳಿದಳು.

ಅತ್ತ ಫೈಲು ಜೋರಾಗಿ ಓಡುತ್ತಿತ್ತು. ಮೊದಲನೆಯ ಸಾಹೇಬರು ಓದದೆ ಸಹಿ ಗೀಚಿದರು. ಎರಡನೆಯವರು, ಇಂಥದ್ದಕ್ಕೆ ಹಿಂದಿನ ನಿದರ್ಶನ ಏನಾದರೂ ಇದೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಣಕಾಸು ವಿಭಾಗಕ್ಕೆ ಕಳಿಸಿದರು. ಹಣಕಾಸಿನವರು, ಹೆಚ್ಚುವರಿ ವೆಚ್ಚ ಬಾರದಿದ್ದಲ್ಲಿ ಅಭ್ಯಂತರವಿಲ್ಲ, ಆದರೆ ಹಲ್ಲಿಯ ಬಾಟಲಿಯನ್ನು ಯಾವ ಬಾಬ್ತಿನಲ್ಲಿ ಖರೀದಿಸಲಾಯಿತು ಎಂಬುದು ಸ್ಪಷ್ಟವಿಲ್ಲ ಎಂದು ಷರಾ ಬರೆದರು. ಮೂರೇ ದಿನದಲ್ಲಿ ಅದು ಜಾಯಿಂಟ್ ಸೆಕ್ರೆಟರಿ ಮೇಡಂ ಮೇಜಿಗೆ ಬಂತು. ಕೇಶವಮೂರ್ತಿಗಳ ಕೈಯಿಂದ ಹೊರಟ ಯಾವ ಫೈಲೂ ಇಷ್ಟು ಬೇಗ ಮೇಲೆ ಮುಟ್ಟಿರಲಿಲ್ಲ.

ಮೇಡಂ ಮಾತ್ರ ಮೊದಲಿಂದ ಕೊನೆಯವರೆಗೆ ಓದಿದರು. ಶುಕ್ರವಾರ ಮಧ್ಯಾಹ್ನ, ಅಂದರೆ ರೈಲಿನ ದಿನವೇ, ಇವರನ್ನು ಕರೆಸಿದರು. ಇವರು ನೌಕರಿ ಹೋಯಿತು ಎಂದು ಮನಸ್ಸಿನಲ್ಲೇ ರಾಜೀನಾಮೆ ಬರೆದುಕೊಂಡು ಹೋಗಿ ನಿಂತರಂತೆ. ಆಕೆ ತಲೆ ಎತ್ತದೆ, ಮಗಳ ರೈಲು ಯಾವಾಗ ಎಂದಷ್ಟೇ ಕೇಳಿದರು. ಇಂದು ರಾತ್ರಿ ಎಂದರು ಇವರು. ಆಕೆ ಫೈಲಿನಲ್ಲಿ ಏನೋ ಬರೆದು ಕೈಗೆ ಕೊಟ್ಟು, ಈಗಲೇ ಮನೆಗೆ ಹೋಗಿ ಎಂದರು.

ಮೂರೂವರೆಗೆ ಗಂಡ ಬಾಗಿಲಲ್ಲಿ ನಿಂತದ್ದು ನೋಡಿ ದೇವಕಿ, ಎದೆನೋವೇ ಇರಬೇಕೆಂದು ಬೆಚ್ಚಿ ನೀರು ತಂದಳು. ನಾನು ಅಲ್ಲೇ ಕೂತು, ರೈಲಿಗೆ ಕಟ್ಟುವ ಪಲಾವಿಗಾಗಿ ಬಟಾಣಿ ಸುಲಿಯುತ್ತಿದ್ದೆ. ಅವರು ನೀರು ಕುಡಿಯಲಿಲ್ಲ. ಊಟದ ಮೇಜಿನ ಮೇಲೆ ಫೈಲು ಬಿಡಿಸಿದರು. ಅದನ್ನು ಕಂಡದ್ದೇ ಧನ್ಯಾ ರೂಮಿನಿಂದ ಹೊರಗೆ ಬಂದು ನಿಂತಳು. ಮೇಡಂ ಬರೆದಿದ್ದು ಇಷ್ಟು: ‘ಸೆಕ್ಷನ್ ಆಫೀಸರ್ ಹದಿನಾಲ್ಕು ಪ್ರಶ್ನೆ ಕೇಳಿದ್ದಾರೆ. ತಮ್ಮ ಅಭಿಪ್ರಾಯ ಎಲ್ಲಿಯೂ ತಿಳಿಸಿಲ್ಲ. ತಿಳಿಸಿ, ಇಂದೇ ಮುಕ್ತಾಯಗೊಳಿಸುವುದು.’

ಮೂವತ್ತು ವರ್ಷದಲ್ಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಪೆನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಅಷ್ಟರಲ್ಲಿ ನಾನು ಎರಡು ಕಿಲೋ ಬಟಾಣಿ ಸುಲಿದು ಮುಗಿಸಿದೆ. ಕೊನೆಗೆ ಮೂರು ಸಾಲು ಬರೆದು ಫೈಲನ್ನು ಮಗಳ ಕಡೆಗೆ ತಳ್ಳಿದರು. ಅವಳು ನೋಡಿ ಹುಬ್ಬು ಗಂಟಿಕ್ಕಿದಳು. ಆ ಫೈಲಿನಲ್ಲೇ ಮೊದಲ ಸಲ ಅವರು ಕನ್ನಡದಲ್ಲಿ ಬರೆದಿದ್ದರು. ದೆಹಲಿಯ ಸ್ಕೂಲಿನಲ್ಲಿ ಓದಿದ ಹುಡುಗಿ. ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬಾರದು.

“ಅಪ್ಪಾ, ಇದು ನಂಗೆ ಓದೋಕೆ ಬರಲ್ಲ. ನೀನೇ ಓದು ನಾ, ಪ್ಲೀಸ್.”

ಅವರು ಹೆಂಡತಿಯ ಮುಖ ನೋಡಿದರು. ಕನ್ನಡಕ ಎಲ್ಲಿಟ್ಟೆನೋ ಕಾಣೆ ಎಂದಳು ದೇವಕಿ. ಅದು ಅವಳ ಮೂಗಿನ ಮೇಲೇ ಇತ್ತು. ನನ್ನ ಕಡೆ ನೋಡಿದರು. ನಾನು ಬಟಾಣಿಯಲ್ಲಿ ಹುಳು ಹುಡುಕುವವಳಂತೆ ತಲೆ ತಗ್ಗಿಸಿದೆ. ಬೇರೆ ದಾರಿ ಕಾಣದೆ ಅವರು ಎದ್ದು ನಿಂತು, ಮೇಲಧಿಕಾರಿಯ ಮುಂದೆ ಓದುವ ದನಿಯಲ್ಲಿ ಶುರು ಮಾಡಿದರು.

“ವಿಷಯವನ್ನು ಪರಿಶೀಲಿಸಲಾಗಿದೆ. ನನಗೆ ಹೆದರಿಕೆಯಾಗುತ್ತದೆ. ಇರುವವಳು ಇವಳೊಬ್ಬಳೇ, ಇವಳಿಗೆ ಏನಾದರೂ ಆದರೆ ನಾನು ಯಾರಿಗೆ ಬರೆದು ಕೇಳಲಿ?”

ಕೊನೆಯ ಮಾತಿಗೆ ದನಿ ಒಡೆದುಹೋಯಿತು. ಆ ಮನುಷ್ಯ ಹಾಗೆ ಬಾಯಿಬಿಟ್ಟು ಅಳುತ್ತಾರೆಂದು ನಾನು ಎಣಿಸಿರಲಿಲ್ಲ. ಇಷ್ಟು ವರ್ಷ ಅವರನ್ನು ಬೈದುಕೊಂಡದ್ದಕ್ಕೆಲ್ಲ ನನಗೇ ನಾಚಿಕೆಯಾಯಿತು. ಧನ್ಯಾ ಮೇಜು ಸುತ್ತಿ ಬಂದು ಅವರ ತೋಳು ಹಿಡಿದುಕೊಂಡಳು.

“ನಂಗೂ ಹೆದರಿಕೆ ಇದೆ ಅಪ್ಪಾ. ಬಹುತ್. ಹದಿನಾಲ್ಕು ಕೇಳಿದೆ, ಅದೊಂದು ಕೇಳಲೇ ಇಲ್ಲ ನೀನು.”

ಹಾಗಾದರೆ ಯಾಕೆ ಹೋಗ್ತೀಯ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಆಮೇಲೆ ಕೂತು, ಫಾರಮ್ಮಿನ ದಾರವನ್ನು ತಾವೇ ಬಿಚ್ಚಿ, ಹಾಳೆಯನ್ನು ಹೊರಗೆ ತೆಗೆದು, ‘ಮರಣ’ ಎಂಬ ಪದವಿದ್ದ ಸಾಲಿನ ಮೇಲೆ ಎಡಗೈ ಮುಚ್ಚಿಟ್ಟುಕೊಂಡು ಬಲಗೈಯಿಂದ ಸಹಿ ಹಾಕಿದರು. ತಾರೀಕು ಬರೆಯಲು ಮಾತ್ರ ಅವರ ಕೈಯಲ್ಲಿ ಆಗಲಿಲ್ಲ. ದೇವಕಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ಪೆನ್ನು ತೆಗೆದುಕೊಂಡು, ತಾರೀಕು ಬರೆದಳು.