ಬೀಳುವ ಮುನ್ನ ಹೇಳುತ್ತಿದ್ದವರು

ಡಾಕ್ಟರ್ ಶ್ರೀಪಾದರಾಯರು ಹಿಮದ ಮೇಲೆ ಬೀಳುವ ಮುನ್ನ ಅದನ್ನು ಪ್ರಕಟಿಸುತ್ತಿದ್ದರು. "ಬೀಳ್ತಾ ಇದೀನಿ, ದಾರಿ ಬಿಡಿ" ಎಂದು, ಬಸ್ ಕಂಡಕ್ಟರ್ ಮುಂದಿನ ಸ್ಟಾಪಿನ ಹೆಸರು ಹೇಳುವಷ್ಟು ನಿರ್ವಿಕಾರವಾಗಿ ಹೇಳಿ, ಆಮೇಲೆ ಬೀಳುತ್ತಿದ್ದರು. ಎದ್ದು, ಮಾಸ್ಕಿನಿಂದಾಗಿ ಮಬ್ಬಾದ ಕನ್ನಡಕವನ್ನು ಒರೆಸಿಕೊಳ್ಳುತ್ತಿದ್ದರು. ಬಯಲಿನಲ್ಲಿ ಮಾಸ್ಕ್ ಏಕೆಂದು ಕೇಳಿದರೆ, ಮೂಗು ಬೆಚ್ಚಗಿರುತ್ತದೆ ಎನ್ನುತ್ತಿದ್ದರು.

ಮೈಸೂರಿನವರಾದ ಅವರು ವಾಟರ್‌ಫರ್ಡಿನ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು. ಕೊರೊನಾದ ಎರಡನೆಯ ಚಳಿಗಾಲದಲ್ಲಿ ವಿಕ್ಲೋ ಬೆಟ್ಟಗಳ ಮೇಲೆ ಅಪರೂಪಕ್ಕೆ ಹಿಮ ನಿಂತಾಗ, ಅವರು, ನಾನು ಮತ್ತು ಸ್ವೋರ್ಡ್ಸ್ ಎಂಬ ಊರಿನ ಗೆಳೆಯ ಮಂಜು ಎರಡು ದಿನದ ಸ್ಕೀ ಚಾರಣಕ್ಕೆ ಹೊರಟೆವು. ಈ ಚಾರಣದಲ್ಲಿ ಮೇಲೆ ಒಯ್ಯುವ ಯಂತ್ರವಿಲ್ಲ. ಸ್ಕೀಗಳ ಅಡಿಗೆ ಜಾರದ ಪಟ್ಟಿ ಅಂಟಿಸಿಕೊಂಡು ಸ್ವಂತ ಕಾಲಿನಿಂದ ಏರಬೇಕು, ಏರಿದವನಿಗೆ ಮಾತ್ರ ಜಾರುವ ಹಕ್ಕು. ಶ್ರಮಕ್ಕೆ ತಕ್ಕ ಫಲ ಎಂಬ ಈ ನ್ಯಾಯ ನನಗೆ ಬಹಳ ಹಿಡಿಸಿತ್ತು.

ಶನಿವಾರ ಸಂಜೆ, ರಾತ್ರಿ ತಂಗಬೇಕಿದ್ದ ಕಲ್ಲಿನ ಗುಡಿಸಲು ಸೇರಿದೊಡನೆ ಡಾಕ್ಟರು ಕೆಟಲನ್ನೂ ಬಾಗಿಲ ಹಿಡಿಯನ್ನೂ ಸ್ಯಾನಿಟೈಸರಿನಿಂದ ಒರೆಸಿ, ಪುಳಿಯೋಗರೆ ಗೊಜ್ಜನ್ನು ಹೊರತೆಗೆದರು. ಅದನ್ನು ತುಂಬಿ ತಂದದ್ದು ಮೂತ್ರಪರೀಕ್ಷೆಯ ಬಾಟಲಿಯಲ್ಲಿ. ಮಂಜು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. "ಹೊಸದು ಕಣಯ್ಯ, ಸೀಲ್ ನಾನೇ ಒಡೆದಿದ್ದು" ಎಂದು ಡಾಕ್ಟರು ಮೊದಲ ತುತ್ತನ್ನು ತಾವೇ ತಿಂದು ತೋರಿಸಿದರು.

ಊಟದ ಬಳಿಕ ನಾನು, ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದವನು, ಒಂದು ಸುಧಾರಣೆ ಮಂಡಿಸಿದೆ: ದಾರಿಯ ನಿರ್ಧಾರಗಳೆಲ್ಲ ಬಹುಮತದಿಂದ ಆಗಬೇಕು, ವಯಸ್ಸಿಗಾಗಲಿ ಪದವಿಗಾಗಲಿ ವಿಶೇಷ ಅಧಿಕಾರವಿರಬಾರದು. ಡಾಕ್ಟರು ಗಂಭೀರವಾಗಿ ಕೇಳಿ, ಇದೇ ನಿಯಮ ಆಪರೇಷನ್ ಥಿಯೇಟರಿಗೂ ಬಂದರೆ ತಮಗೆ ಮೊದಲೇ ತಿಳಿಸಬೇಕೆಂದು ಕೋರಿ, ಅನುಮೋದಿಸಿದರು.

ನಾನು ಮಂಡಿಸದೆ ಉಳಿಸಿಕೊಂಡ ವಿಷಯ ಒಂದಿತ್ತು. ಆ ಮಧ್ಯಾಹ್ನ ತೆಳು ಹಿಮದಡಿಯ ಪೊದೆಗೆ ಸ್ಕೀ ಸಿಕ್ಕಿ ಬಿದ್ದು ಎಡಮಂಡಿ ಉಳುಕಿತ್ತು. ಯಾರೂ ನೋಡಲಿಲ್ಲವೆಂದು ಸಮಾಧಾನಪಟ್ಟಿದ್ದೆ.

ಮರುದಿನ ಬೆಳಿಗ್ಗೆ, ಶಿಖರದ ಕೆಳಗಿನ ಕಡಿದಾದ ಇಳಿಜಾರಿನ ಬುಡದಲ್ಲಿ, ಮೇಲೇರೋಣವೇ ಎಂದು ನಾನೇ ಮತ ಕೇಳಿದೆ. ಮಂಜು ಕೈ ಎತ್ತಿದ, ನಾನೂ ಎತ್ತಿದೆ. ಡಾಕ್ಟರು ಕೋಲೂರಿ ನಿಂತರು.

"ಎರಡು ವೋಟು, ಸರಿ. ನಿನ್ನ ಎಡಮಂಡಿಯ ವೋಟು ಯಾವ ಕಡೆ?"

"ಗ್ರ್ಯಾಂಡ್ ಆಗಿದೆ, ಡಾಕ್ಟ್ರೇ" ಎಂದೆ, ಈ ದೇಶದವರು 'ಚೆನ್ನಾಗಿದೆ' ಎನ್ನುವ ಧಾಟಿಯಲ್ಲಿ.

"ಗ್ರ್ಯಾಂಡ್ ಅಂದ್ಕೊಂಡೇ ಎಲ್ಲರೂ ನಮ್ಮ ವಾರ್ಡಿಗೆ ಬರ್ತಾರೆ. ಇಲ್ಲಿ ಬಿದ್ರೆ ನಿನ್ನ ಹೊತ್ಕೊಂಡು ಹೋಗೋಕೆ ಹತ್ತು ಜನ ಬೇಕು. ಕೊರೊನಾದಿಂದ ಆಸ್ಪತ್ರೆಯೆಲ್ಲ ತುಂಬಿದೆ, ಹಾಸಿಗೆ ಎಲ್ಲಿಂದ ತರ್ಲಿ? ಬಹುಮತ ಇದೆ, ನೀವು ಹೋಗೋಣ ಅಂದ್ರೆ ನಾನು ಬರ್ತೀನಿ. ಆದ್ರೆ ನೀನೇ ಹೇಳು."

ಎಷ್ಟೋ ಚರ್ಚೆಗಳನ್ನು ಗೆದ್ದ ನನಗೆ "ನನ್ನ ಕೈಲಾಗಲ್ಲ, ಇಳಿಯೋಣ" ಎಂಬ ಮಾತನ್ನು ಹೊರಡಿಸಲು ಬಹಳ ಹೊತ್ತು ಹಿಡಿಯಿತು. ಮಂಜು ನನ್ನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ. ಇಳಿಯುವಾಗ ಡಾಕ್ಟರು ನಾಲ್ಕು ಸಲ ಬಿದ್ದರು, ನಾಲ್ಕು ಸಲವೂ ಮುನ್ಸೂಚನೆಯೊಂದಿಗೆ.

ಆ ಬೇಸಿಗೆಯಲ್ಲಿ ಅವರು ನ್ಯೂಜಿಲೆಂಡಿನ ಆಸ್ಪತ್ರೆಯೊಂದಕ್ಕೆ ಹೊರಟುಹೋದರು. ವಿಮಾನ ನಿಲ್ದಾಣದಲ್ಲಿ ನನ್ನ ಕೈಗೆ ಗೊಜ್ಜಿನ ಅಂಥದೇ ಒಂದು ಬಾಟಲಿ ಕೊಟ್ಟರು. ಸೀಲ್ ಬಗ್ಗೆ ನಾನು ವಿಚಾರಿಸಲಿಲ್ಲ.

ಮುಂದಿನ ಚಳಿಗಾಲ ನಾನೂ ಮಂಜುವೂ ಇಬ್ಬರೇ ಅದೇ ಬೆಟ್ಟಕ್ಕೆ ಹೋದೆವು. ಗುಡಿಸಲಿನ ಹತ್ತಿರದ ಇಳಿಜಾರಿನಲ್ಲಿ ಸಮತೋಲ ತಪ್ಪುತ್ತಿರುವುದು ಅರಿವಾದಾಗ, "ಬೀಳ್ತಾ ಇದೀನಿ, ದಾರಿ ಬಿಡಿ" ಎಂದೆ. ಮಂಜು ನನಗಿಂತ ತುಂಬ ಮೇಲಿದ್ದ. ದಾರಿಯಲ್ಲಿ ಯಾರೂ ಇರಲಿಲ್ಲ. ಆದರೂ ಅವನು ಪಕ್ಕಕ್ಕೆ ಸರಿದು ನಿಂತ.