ಸುಣ್ಣ ಹಚ್ಚದ ಶುಂಠಿ

ಹೋದ ಭಾನುವಾರ ಹಾಸನದ ಅಂಗಡಿಯೊಂದರಿಂದ ಕಷಾಯಕ್ಕೆಂದು ನೂರು ಗ್ರಾಂ ಒಣಶುಂಠಿ ತಂದೆ. ಪೊಟ್ಟಣ ಬಿಚ್ಚಿದಾಗ ಬೆರಳಿಗೆ ಬಿಳಿ ಪುಡಿ ಮೆತ್ತಿತು. ಸುಣ್ಣ. ಕೈ ತೊಳೆದುಕೊಂಡೆ, ಐದು ವರ್ಷದ ಸಿಟ್ಟು ಮಾತ್ರ ಹೋಗಲಿಲ್ಲ...

ಆ ಸಿಟ್ಟು ಯಾರ ಮೇಲೋ, ಅವರನ್ನು ನಾನು ಅತ್ತೆ ಎನ್ನುತ್ತಿದ್ದೆ. ಸಂಬಂಧವೇನಿಲ್ಲ, ಅರಕಲಗೂಡಿನಲ್ಲಿ ನಮ್ಮ ಎದುರು ಮನೆಯವರು. ಗಂಡನ ಜೊತೆ ಮಸ್ಕತ್‌ಗೆ ಹೋದವರು ಗಂಡ ತೀರಿಕೊಂಡ ಮೇಲೂ ಅಲ್ಲೇ ನಿಂತು ಸಾಂಬಾರ ಪದಾರ್ಥಗಳ ಅಂಗಡಿ ಇಟ್ಟರು. ನಮ್ಮೂರಾಚೆ ಒಂದು ಶೆಡ್ಡು ಹಾಕಿ, ರೈತರಿಂದ ಶುಂಠಿ ಕೊಂಡು, ಸಿಪ್ಪೆ ಹೆರೆಸಿ, ಒಣಗಿಸಿ ತರಿಸಿಕೊಳ್ಳುತ್ತಿದ್ದರು. ವರ್ಷಕ್ಕೆರಡು ಸಲ ಬರುತ್ತಿದ್ದರು. ಊರಿಗೆ ಬಂದಾಗ ಅವರ ಬಾಯಲ್ಲಿ 'ಅಲ್ಲಿ' ಎಂದರೆ ಮಸ್ಕತ್. ಮಸ್ಕತ್‌ನಿಂದ ಫೋನು ಮಾಡಿದಾಗ 'ಅಲ್ಲಿ' ಎಂದರೆ ಅರಕಲಗೂಡು. 'ಇಲ್ಲಿ' ಎಂದದ್ದನ್ನು ನಾನು ಕೇಳಿದ್ದು ಒಂದೇ ಸಲ.

ಅವರ ಪೊಟ್ಟಣದ ಮೇಲೆ ಕನ್ನಡ, ಅರಬ್ಬಿ ಎರಡರಲ್ಲೂ ಒಂದೇ ಸಾಲು: ಸುಣ್ಣ ಹಚ್ಚದ ಶುಂಠಿ. ಶೆಡ್ಡು ನೋಡಿಕೊಳ್ಳುತ್ತಿದ್ದುದು ಅವರ ಅಣ್ಣ. ಸಿಪ್ಪೆ ಹೆರೆಯುವ ಹನ್ನೊಂದು ಮಂದಿ ಹೆಂಗಸರಿಗೆ ನಮ್ಮವ್ವ ಮೇಸ್ತ್ರಿ. ಡಿಗ್ರಿ ಮುಗಿಸಿದ್ದ ನಾನು ಅವ್ವನ ಜೊತೆ ಹೋಗಿ, ಎಷ್ಟು ತಟ್ಟೆ, ಎಷ್ಟು ದಿನದ ಬಿಸಿಲು ಎಂದು ಡೈರಿಯಲ್ಲಿ ಬರೆಯುತ್ತಿದ್ದೆ. ಬರೆ ಎಂದು ಯಾರೂ ಹೇಳಿರಲಿಲ್ಲ.

ಫೆಬ್ರವರಿ ಒಂಬತ್ತು. ಅಣ್ಣ ತೊಟ್ಟಿ ತುಂಬ ಸುಣ್ಣದ ನೀರು ಕಲಸಿಟ್ಟಿದ್ದ.

"ಫಾರಿನ್‌ಗೋಗೋ ಮಾಲು ಕಣಮ್ಮಿ, ಬೆಳ್ಳುಗಿರ್ಬೇಕು. ಇಂಗ್ ಕಂದುಗಿದ್ರೆ ಮಕುಕ್ಕೆಸೀತಾರೆ."

"ಶುಂಠಿನೇನ್ ಹಸೆಗೆ ಕೂರುಸ್ತೀರಾ ಸಾ, ಪೌಡ್ರು ಬಳಿಯಾಕೆ?" ಎಂದಳು ಅವ್ವ. ಹೆಂಗಸರೆಲ್ಲ ನಕ್ಕರು. ಅವನ ಮುಖ ಕೆಂಪಾಯಿತು.

"ಅಕ್ಕೋರ್ನ ಒಂದ್ ಮಾತು ಕೇಳಿ ಸಾ" ಎಂದಳು ಅವ್ವ.

"ನನ್ ತಂಗಿಗೆ ನಾನ್ ಯೋಳ್ಕತೀನಿ. ಅದ್ದು ನೀನು."

ಅದ್ದಿದರು. ಅಂದು ನಾನು ಬರೆದದ್ದು: ನಲವತ್ತೆರಡು ತಟ್ಟೆ, ಸುಣ್ಣ, ಹೇಳಿದವರು ಅಣ್ಣ, ಬೇಡವೆಂದವಳು ಅವ್ವ.

ಮಸ್ಕತ್‌ನಲ್ಲಿ ಗಿರಾಕಿಗಳು ಆ ಪೊಟ್ಟಣಗಳನ್ನು ತಂದು ಅತ್ತೆಯ ಮುಂದೆಯೇ ಸುರಿದರಂತೆ. ಅಣ್ಣ ಫೋನಿನಲ್ಲಿ "ಎಣ್ಣಾಳುಗಳು ಮಾಡ್ಬುಟ್ಟವ್ರೆ" ಎಂದ. ಏಪ್ರಿಲ್‌ನಲ್ಲಿ ಬಂದ ಅತ್ತೆ ಶೆಡ್ಡಿನ ಅಂಗಳದಲ್ಲಿ, ಊರ ನಾಲ್ಕು ಜನರೆದುರು, ನಾಳೆಯಿಂದ ನೀವ್ಯಾರೂ ಬರಬೇಡಿ ಎಂದರು. ಅವ್ವ ಬಾಯಿ ತೆರೆದಳು. ಅತ್ತೆ ಆಗಲೇ ಬೆನ್ನು ತಿರುಗಿಸಿದ್ದರು.

ಸಂಜೆ ಡೈರಿ ಹಿಡಿದು ಅವರ ಮನೆಗೆ ಹೋದೆ. ಬೆರಳಿಟ್ಟು ಆ ಸಾಲನ್ನು ಎರಡು ಸಲ ಓದಿದರು.

"ಗೊತ್ತು ಕಣವ್ವ. ಇಂಥಾ ಕೆಲ್ಸ ಅವುಂದೇಯ" ಎಂದು ಡೈರಿ ಮುಚ್ಚಿದರು. "ನಾನು ಅತ್ಲಾಗೋದ್ಮೇಲೆ ಬೀಗದ ಕೈ ಯಾರ್ಗೆ ಕೊಡ್ಲಿ? ಇಲ್ಲಿ ನಂಗಿರೋದು ಅಣ್ಣ ಒಬ್ನೇಯ."

"ಅದ್ಕೆ ನಮ್ಮವ್ವ ಕಳ್ಳಿ ಆಗ್ಬೇಕಾ ಅತ್ತೆ?"

ಅವರು ಒಳಗೆ ಹೋಗಿ, ಪ್ರತಿ ಸಲ ತರುತ್ತಿದ್ದಂತೆ, ಒಂದು ಖರ್ಜೂರದ ಪೊಟ್ಟಣ ತಂದು ನನ್ನ ಕೈಗಿಟ್ಟರು. ಜಗಲಿಯ ಮೇಲೆ ಬಿಟ್ಟು ಬಂದೆ. ಎಸೆದು ಬರಬೇಕಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಅವ್ವ ಬೇರೆ ಆರು ಶೆಡ್ಡುಗಳ ಬಾಗಿಲಿಗೆ ಹೋದಳು. ಆರು ಕಡೆಯೂ ಇಲ್ಲ ಎಂದರು. ಮೂವತ್ತು ವರ್ಷ ಶುಂಠಿ ಹೆರೆದ ಹೆಂಗಸನ್ನು ಊರು 'ಸುಣ್ಣದೋಳು' ಎಂದು ಕರೆಯಿತು. ಈಗಲೂ ಹಾಗೇ ಕರೆಯುತ್ತದೆ. ಅತ್ತೆ ಆಮೇಲೂ ಏಳು ಸಲ ಬಂದುಹೋದರು. ಒಂದು ಸಲವಾದರೂ ಬೀದಿಯಲ್ಲಿ ನಿಂತು ಒಂದು ಮಾತು ಹೇಳಬಹುದಿತ್ತು.

ಹೋದ ವರ್ಷ ಅವರು ಮಸ್ಕತ್‌ನಲ್ಲೇ ತೀರಿಕೊಂಡರು. "ಅಲ್ಲೇ ಎಲ್ಲಾ ಮುಗುಸ್ಬುಟ್ರು" ಎಂದ ಅಣ್ಣ. ಶೆಡ್ಡಿಗೆ ಬೀಗ ಬಿತ್ತು. ಅವ್ವ ಅತ್ತಳು. ಅತ್ತದ್ದಕ್ಕೆ ಅವಳ ಮೇಲೂ ರೇಗಿದೆ.

ಭಾನುವಾರ ತಂದ ಶುಂಠಿಯನ್ನು ಅವ್ವ ಮೂಸಿ ನೋಡಿ, "ಅಕ್ಕೋರು ಇಂಥದ್ನ ಮುಟ್ತಿರ್ನಿಲ್ಲ ಕಣಮ್ಮಿ" ಎಂದಳು. ಆ ಡೈರಿ ಇನ್ನೂ ನನ್ನ ಬಳಿ ಇದೆ. ಮಗಳು ಬರೆದದ್ದನ್ನು ಯಾರು ನಂಬುತ್ತಾರೆ? ಅವ್ವನ ತಪ್ಪಿಲ್ಲ ಎಂದರೆ ಊರು ಒಪ್ಪುವಂಥ ಬಾಯಿ ಅತ್ತೆಯದೊಂದೇ ಇತ್ತು... ಅದೂ ಹೋಯಿತು.